ಇಂಗ್ಲಿಷಿನ ಗುಣವಾಚಕಗಳೂ ಪದಜಾತಿಯ ವಿಚಾರವೂ

ಇಂಗ್ಲಿಷ್ ವ್ಯಾಕರಣದ ಪಾಠಪುಸ್ತಕಗಳಲ್ಲಿ ‘ರೌಂಡ್’ ಎಂಬ ಪದಕ್ಕೆ ಬಹುಕಾಲದಿಂದ ಒಂದು ವಿಶೇಷ ಮರ್ಯಾದೆ ಸಲ್ಲುತ್ತ ಬಂದಿದೆ. ಮೇಜು ದುಂಡಗಿದೆ ಎನ್ನುವಲ್ಲಿ ಅದು ಗುಣವಾಚಕ. ಕಾವಲುಗಾರನು ಹಾಕಿಬರುವ ಸುತ್ತನ್ನು ಹೇಳುವಲ್ಲಿ ನಾಮಪದ. ಹಡಗು ಭೂಶಿರವನ್ನು ಬಳಸಿ ಹೋಯಿತೆನ್ನುವಲ್ಲಿ ಕ್ರಿಯಾಪದ. ಹಿಂದಿರುಗಿ ನೋಡಿದನೆನ್ನುವಲ್ಲಿ ಕ್ರಿಯಾವಿಶೇಷಣ. ಮನೆಯ ಸುತ್ತಲೂ ಎನ್ನುವಲ್ಲಿ ನಾಮಪದಕ್ಕೆ ಮೊದಲು ಬರುವ ಸಂಬಂಧಸೂಚಕ ಅವ್ಯಯ. ಒಂದೇ ಪದ ಐದು ವೇಷಗಳನ್ನು ಹಾಕುವ ಈ ಸೊಗಸನ್ನು ತೋರಿಸಿ ಅಧ್ಯಾಪಕರು ವಿದ್ಯಾರ್ಥಿಗಳನ್ನು ಬೆರಗುಗೊಳಿಸುವುದುಂಟು. ಬೆರಗಿನ ತರುವಾಯ ಬರಬೇಕಾದ ವಿಚಾರ ಮಾತ್ರ ಬರುವುದು ಅಪೂರ್ವ. ಇದರ ಫಲವಾಗಿ ಎರಡು ಪಕ್ಷಗಳು ಬೆಳೆದಿವೆ. ಇಂಗ್ಲಿಷಿನಲ್ಲಿ ಯಾವ ಪದವಾದರೂ ಯಾವ ಜಾತಿಗಾದರೂ ಸೇರಬಹುದು, ಅಲ್ಲಿ ಕಟ್ಟಳೆಯೇ ಇಲ್ಲ ಎನ್ನುವುದು ಒಂದು. ಪ್ರತಿಯೊಂದು ಪದಕ್ಕೂ ಹುಟ್ಟಿನಿಂದ ಬಂದ ಜಾತಿಯೊಂದುಂಟು, ಅದನ್ನು ಮೀರಿದರೆ ಅಪಪ್ರಯೋಗವಾಯಿತು ಎನ್ನುವುದು ಇನ್ನೊಂದು. ಮೊದಲನೆಯವರು ಭಾಷೆಯನ್ನು ಹೊಗಳುವುದಕ್ಕೂ ಎರಡನೆಯವರು ಉತ್ತರಪತ್ರಿಕೆಗಳನ್ನು ತಿದ್ದುವುದಕ್ಕೂ ತಮ್ಮ ತಮ್ಮ ಸಿದ್ಧಾಂತವನ್ನು ಬಳಸುತ್ತಾರೆ. ಎರಡೂ ವಿಚಾರಕ್ಕೆ ನಿಲ್ಲತಕ್ಕವಲ್ಲ. ಪಲ್ಲಟವೆಂಬ ಒಂದೇ ಹೆಸರಿನಿಂದ ಕರೆಯಲ್ಪಡುವ ಸಂಗತಿಗಳು ವಾಸ್ತವವಾಗಿ ಒಂದೇ ಬಗೆಯವಲ್ಲ. ಅವುಗಳಲ್ಲಿ ಕೆಲವು ಪಲ್ಲಟವೇ ಅಲ್ಲ. ಯಾವುದು ನಿಜವಾದ ಪಲ್ಲಟ, ಯಾವುದು ಅದರ ಆಭಾಸ ಎಂಬುದನ್ನು ಪದವು ಹೊಸ ಸ್ಥಾನದಲ್ಲಿ ಯಾವ ಕಾರ್ಯಕ್ಕೆ ಒಳಗಾಗುತ್ತದೆ ಎಂಬುದರಿಂದಲೇ ನಿರ್ಣಯಿಸಬೇಕಾಗಿದೆ.

ಗುಣವಾಚಕಕ್ಕೆ ಪ್ರತ್ಯೇಕವಾದ ಜಾತಿ ಎಂಬುದೇ ಯೂರೋಪಿನ ವ್ಯಾಕರಣದಲ್ಲಿ ಈಚಿನದು. ಕ್ರಿ. ಪೂ. 2ನೆಯ ಶತಮಾನದ ಡಯೊನೀಸಿಯಸ್ ಥ್ರಾಕ್ಸನ ಹೆಸರಿನಲ್ಲಿ ಬಂದಿರುವ ಗ್ರೀಕ್ ವ್ಯಾಕರಣದಲ್ಲಿ ಪದಜಾತಿಗಳು 8, ಅವುಗಳಲ್ಲಿ ಗುಣವಾಚಕವಿಲ್ಲ. ಅದು ನಾಮದಲ್ಲಿಯೇ ಅಡಗಿದೆ. ಲ್ಯಾಟಿನ್ ವೈಯಾಕರಣರು ತಮ್ಮ ಭಾಷೆಯಲ್ಲಿಲ್ಲದ ಆರ್ಟಿಕಲ್ಲನ್ನು ಬಿಟ್ಟು, ಉದ್ಗಾರವಾಚಕವನ್ನು ಸೇರಿಸಿ, ಎಂಟನ್ನು ಎಂಟಾಗಿಯೇ ಉಳಿಸಿಕೊಂಡರು. ಗುಣವಾಚಕ ಅಲ್ಲಿಯೂ ನಾಮವೇ. ಆ ಎರಡು ಭಾಷೆಗಳಲ್ಲಿಯೂ ಗುಣವಾಚಕಕ್ಕೆ ನಾಮದಂತೆಯೇ ಲಿಂಗ ವಚನ ವಿಭಕ್ತಿಗಳಿರುವುದರಿಂದ ಇದು ಯುಕ್ತವೇ ಆಗಿತ್ತು. ಇಂಗ್ಲೆಂಡಿನ ಹಳೆಯ ವ್ಯಾಕರಣಗಳೂ ನಾಮವನ್ನೇ ‘ಸಬ್‌ಸ್ಟಾಂಟಿವ್’ ಎಂದೂ ‘ಅಡ್ಜೆಕ್ಟಿವ್’ ಎಂದೂ ಒಳಗೆ ಎರಡಾಗಿ ವಿಭಾಗಿಸುತ್ತಿದ್ದವು. 1762ರಲ್ಲಿ ಪ್ರಕಟವಾದ ರಾಬರ್ಟ್ ಲೌತರ ವ್ಯಾಕರಣವು ಗುಣವಾಚಕವನ್ನು ಬೇರೆಯಾಗಿಯೇ ಎಣಿಸಿ 9 ಜಾತಿಗಳನ್ನು ಹೇಳುತ್ತದೆ. ಇಂಗ್ಲಿಷಿನ ಮಟ್ಟಿಗೆ ಈ ವಿಭಜನೆ ಅನ್ಯಾಯವಲ್ಲ; ಪ್ರತ್ಯಯಗಳು ಉದುರಿದ ಮೇಲೆ ನಾಮಕ್ಕೆ ಬಹುವಚನ ಉಳಿಯಿತು, ಗುಣವಾಚಕಕ್ಕೆ ಉಳಿಯಲಿಲ್ಲ; ದಾಯಾದಿಗಳು ಹೀಗೆ ಬೇರೆಯಾದರು. ಅನ್ಯಾಯವಾದುದು ತರುವಾಯದ ಸಂಗತಿ: ಜಾತಿಯನ್ನು ಪದದ ಮೈಮೇಲೆ ಒತ್ತಿದ ಮುದ್ರೆಯೆಂಬಂತೆ ಭಾವಿಸಿದ್ದು. ಭಾರತೀಯ ಶಾಸ್ತ್ರದಲ್ಲಿ ಈ ಹಟವಿಲ್ಲ. ಪಾಣಿನಿಗೆ ಪದಗಳು ಸುಬಂತ, ತಿಙಂತ ಎಂದು ಎರಡೇ, ಯಾಸ್ಕರಿಗೆ ನಾಲ್ಕು, ಐದೆಂದು ಎಣಿಸಿದವರೂ ಉಂಟು. ಈ ಸಂಖ್ಯಾಭೇದವನ್ನು ಬಲ್ಲ ಭರ್ತೃಹರಿಯು, ವಾಕ್ಯದಿಂದ ಪದಗಳನ್ನು ಬೇರ್ಪಡಿಸುವುದು ವ್ಯುತ್ಪಾದನೆಗಾಗಿ ಮಾಡಿಕೊಂಡ ಅಪೋದ್ಧಾರವೆಂದು ಭಾವಿಸುತ್ತಾನೆ.

ಮೊದಲು ಆಭಾಸಗಳನ್ನು ತೆಗೆದುಹಾಕಬೇಕು. ‘ವೆಲ್’ ಎಂಬುದು ಚೆನ್ನಾಗಿ ಎಂಬರ್ಥದ ಕ್ರಿಯಾವಿಶೇಷಣ. ನೀರಿನ ಬಾವಿ ಎಂಬರ್ಥದ ನಾಮವೂ ಹೌದು. ಆದಕಾರಣ ಪದ ಜಾತಿ ಬದಲಿಸಿತೆಂದು ಉದಾಹರಿಸುವುದು ಸರಿಯಲ್ಲ. ಪ್ರಾಚೀನ ಇಂಗ್ಲಿಷಿನಲ್ಲಿ ಇವು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಪದಗಳು. ಬೆಳಕು ಎಂಬರ್ಥದ ‘ಲೈಟ್’, ಹಗುರ ಎಂಬರ್ಥದ ‘ಲೈಟ್’ ಇವೂ ಹಾಗೆಯೇ. ಮೂಲ ಜರ್ಮಾನಿಕ್ ಭಾಷೆಯಲ್ಲಿ ಬೇರೆ ಬೇರೆ ಧಾತುಗಳಿಂದ ಹುಟ್ಟಿ, ಕಾಲಕ್ರಮದಲ್ಲಿ ಉಚ್ಚಾರ ಸವೆದು ಒಂದೇ ಮುಖ ಪಡೆದಿವೆ. ಇದಕ್ಕೆ ವಿರುದ್ಧವಾಗಿ, ಉಪವಾಸವಿರು ಎಂಬರ್ಥದ ‘ಫಾಸ್ಟ್’ ಮತ್ತು ಗಟ್ಟಿಯಾದ ಎಂಬರ್ಥದ ‘ಫಾಸ್ಟ್’ ಇವುಗಳಿಗೆ ಬಾಂಧವ್ಯವುಂಟು. ವ್ರತವನ್ನು ದೃಢವಾಗಿ ಹಿಡಿಯುವುದೇ ಉಪವಾಸವಾಯಿತು. ಹೊರನೋಟಕ್ಕೆ ದೂರವಾದುವು ಹತ್ತಿರ, ಹತ್ತಿರವಾದುವು ದೂರ. ರೂಪವೊಂದನ್ನೇ ನೋಡಿ ಪಲ್ಲಟವನ್ನು ಸಾರುವವರು ಈ ಅಪಾಯವನ್ನು ನೆನೆಯುವುದಿಲ್ಲ. ‘ರೌಂಡ್’ ಪದದ ಐದು ವೇಷಗಳಲ್ಲಿಯೂ ಎಲ್ಲವೂ ಗುಣವಾಚಕದಿಂದಲೇ ಹುಟ್ಟಿದುವಲ್ಲ. ಅವ್ಯಯವಾಗಿ ಬರುವಲ್ಲಿ ‘ಅರೌಂಡ್’ ಎಂಬುದರ ಆದಿಸ್ವರ ಲೋಪಿಸಿದ್ದೂ ಒಂದು ಕಾರಣ.

ಕ್ರಿಯಾವಿಶೇಷಣಗಳ ವಿಷಯದಲ್ಲಿ ಪಾಠಶಾಲೆಗಳು ಅತ್ಯಂತ ಕಠಿನವಾಗಿವೆ. ಗುಣವಾಚಕಕ್ಕೆ ‘ಲಿ’ ಸೇರಿಸಿದರೆ ಕ್ರಿಯಾವಿಶೇಷಣವಾಗುತ್ತದೆ, ಸೇರಿಸದಿದ್ದರೆ ತಪ್ಪು ಎಂಬ ಸೂತ್ರವನ್ನು ಬಾಲಕರು ಕಂಠಪಾಠ ಮಾಡುತ್ತಾರೆ. ಚರಿತ್ರೆ ಬೇರೆಯಾಗಿದೆ. ಪ್ರಾಚೀನ ಇಂಗ್ಲಿಷಿನಲ್ಲಿ ಗುಣವಾಚಕದ ಮೇಲೆ ಎಕಾರವನ್ನು ಹಚ್ಚಿದರೆ ಕ್ರಿಯಾವಿಶೇಷಣ: ‘ಫೆಸ್ಟ್’ ಗಟ್ಟಿಯಾದ, ‘ಫೆಸ್ಟೆ’ ಗಟ್ಟಿಯಾಗಿ. ‘ಹಾರ್ಡ್’ ಪದದ ಪ್ರಾಚೀನರೂಪಕ್ಕೂ ಇದೇ ಎಕಾರ. 1400ರಲ್ಲಿ ತೀರಿಕೊಂಡ ಚಾಸರನ ಪದ್ಯಗಳಲ್ಲಿ ಪದಾಂತ್ಯದ ಎಕಾರ ಛಂದಸ್ಸಿನ ಲೆಕ್ಕಕ್ಕೆ ಇನ್ನೂ ಬರುತ್ತದೆ. ಬಳಿಕ ಅದು ಮಾತಿನಿಂದ ಮಾಯವಾಯಿತು. ಎಕಾರ ಹೋದ ಮೇಲೆ ‘ಫಾಸ್ಟ್’, ‘ಹಾರ್ಡ್’ ಮೊದಲಾದುವು ಗುಣವಾಚಕದ ವೇಷದಲ್ಲಿ ಕಾಣಿಸಿಕೊಂಡುವೇ ಹೊರತು ಗುಣವಾಚಕವು ಕ್ರಿಯೆಯ ಹತ್ತಿರಕ್ಕೆ ನುಸುಳಿದ್ದಲ್ಲ. ಅವು ಆ ಸ್ಥಾನದ ಹಳೆಯ ಒಕ್ಕಲುಗಳು. ‘ಲಿ’ ಎಂಬುದಾದರೋ ಮೊದಲಿಗೆ ಕ್ರಿಯಾವಿಶೇಷಣದ ಪ್ರತ್ಯಯವೇ ಅಲ್ಲ. ಮೈ, ಆಕಾರ ಎಂಬರ್ಥದ ‘ಲೀಚ್’ ಪದದಿಂದ ಹುಟ್ಟಿ ಗುಣವಾಚಕಗಳನ್ನು ರಚಿಸುತ್ತಿದ್ದ ಪ್ರತ್ಯಯವದು. ಅದರ ಮೇಲೆ ಮತ್ತೆ ಎಕಾರ ಬಂದಾಗ ಕ್ರಿಯಾವಿಶೇಷಣ. ‘ಫ್ರೆಂಡ್ಲಿ’ ಇಂದಿಗೂ ಗುಣವಾಚಕವಾಗಿಯೇ ಇರುವುದು ಆ ಹಳೆಯ ಸ್ಥಿತಿಯ ಕುರುಹು.

ಹೀಗಿರಲು ‘ಲಿ’ಯನ್ನು ಎಲ್ಲೆಲ್ಲಿಯೂ ಕಡ್ಡಾಯ ಮಾಡಿದವರ ಅಪರಾಧವೆಷ್ಟು? ಲೌತರು ಗುಣವಾಚಕವನ್ನು ಕ್ರಿಯಾವಿಶೇಷಣದ ಸ್ಥಾನದಲ್ಲಿ ಬಳಸುವುದು ಇಂಗ್ಲಿಷಿನ ಸ್ವಭಾವಕ್ಕೆ ಹೊಂದದೆಂದು ಬರೆದದ್ದು ನಿಜ. ಹೀಬ್ರೂ ಕಾವ್ಯದ ಮೇಲೆ ಲ್ಯಾಟಿನಿನಲ್ಲಿ ಉಪನ್ಯಾಸಗಳನ್ನು ಕೊಟ್ಟ ಆ ವಿದ್ವಾಂಸರನ್ನು ಹಗುರವಾಗಿ ಕಾಣುವುದು ಸಲ್ಲದು. ಅವರ ಕಣ್ಣೆದುರಿಗೆ ಮುಖ್ಯವಾಗಿ ಇದ್ದುದು ‘ಎಕ್ಸ್‌ಟ್ರೀಮ್’ ಎಂಬಂತಹ ಅತಿಶಯವಾಚಕಗಳು. ತರುವಾಯದ ಪಾಠಪುಸ್ತಕಕಾರರು ಆ ತೀರ್ಪನ್ನು ವಿಚಾರವಿಲ್ಲದೆ ಎಲ್ಲ ಕಡೆಗೂ ಹರಡಿದರು. ಅದರ ಕೆಡುಕನ್ನು ಕನ್ನಡನಾಡಿನ ತರಗತಿಗಳಲ್ಲಿಯೂ ನೋಡಬಹುದು. ಸೂತ್ರವನ್ನು ನಂಬಿದ ಹುಡುಗನು, ತನ್ನ ತಂದೆ ಕಷ್ಟಪಟ್ಟು ದುಡಿಯುತ್ತಾನೆಂದು ಹೇಳಬಯಸಿ, ‘ಹಾರ್ಡ್’ ಎಂಬಲ್ಲಿ ‘ಹಾರ್ಡ್ಲಿ’ ಎಂದು ಬರೆಯುತ್ತಾನೆ. ‘ಹಾರ್ಡ್ಲಿ’ ಎಂದರೆ ಈಗ ಹೆಚ್ಚುಕಡಮೆ ಇಲ್ಲವೇ ಇಲ್ಲ ಎಂದು ಅರ್ಥ. ದುಡಿಮೆಯ ತಂದೆ ಸೋಮಾರಿಯಾಗುತ್ತಾನೆ. ಹುಡುಗನ ವಾಕ್ಯವನ್ನು ಕೆಂಪು ಶಾಯಿಯಲ್ಲಿ ತಿದ್ದಿದವರು ಅವನಿಗೆ ಕೊಟ್ಟ ಸೂತ್ರವನ್ನು ತಿದ್ದುವುದಿಲ್ಲ. ‘ಲೇಟ್‌ಲಿ’, ‘ನಿಯರ್‌ಲಿ’ ಇವೂ ತಂತಮ್ಮ ಮೂಲದಿಂದ ದೂರ ಸರಿದು ಬೇರೆ ಅರ್ಥಗಳನ್ನು ಹಿಡಿದಿವೆ. ರಸ್ತೆಯ ತಿರುವುಗಳಲ್ಲಿ ನಿಲ್ಲಿಸಿರುವ ‘ಗೋ ಸ್ಲೋ’ ಹಲಗೆಯನ್ನು ಅಶುದ್ಧವೆಂದು ನಗುವ ಉಪಾಧ್ಯಾಯರಿದ್ದಾರೆ. ‘ಸ್ಲೋ’ ಪದಕ್ಕೆ ‘ಫಾಸ್ಟ್’ ಪದದಷ್ಟು ಹಳೆಯ ಹಕ್ಕುಪತ್ರವಿಲ್ಲ. 1500ರ ಸುಮಾರಿಗೆ ಸಾದೃಶ್ಯಬಲದಿಂದ ಆ ಸ್ಥಾನಕ್ಕೆ ಬಂದದ್ದು. ಆದರೂ ಷೇಕ್ಸ್‌ಪಿಯರ್, ಮಿಲ್ಟನ್ ಇಬ್ಬರೂ ಅದನ್ನು ಕ್ರಿಯೆಗೆ ವಿಶೇಷಣವಾಗಿ ಬಳಸಿದ್ದಾರೆ. ಶಿಷ್ಟಪ್ರಯೋಗವೇ ಪ್ರಮಾಣವೆನ್ನುವ ಶಾಸ್ತ್ರದಲ್ಲಿ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗದು.

ಸಂಸ್ಕೃತಜ್ಞರಿಗೆ ಇಲ್ಲೊಂದು ಸಾಮ್ಯ ಹೊಳೆಯುತ್ತದೆ. ಸಂಸ್ಕೃತದಲ್ಲಿ ಕ್ರಿಯಾವಿಶೇಷಣವು ನಪುಂಸಕಲಿಂಗ, ದ್ವಿತೀಯಾವಿಭಕ್ತಿ, ಏಕವಚನ. ‘ಮಂದಂ’, ‘ಶೀಘ್ರಂ’ ಎಂಬಂತೆ. ಪ್ರಾಚೀನ ಇಂಗ್ಲಿಷಿನಲ್ಲಿಯೂ ಕೆಲವು ಗುಣವಾಚಕಗಳು ನಪುಂಸಕ ದ್ವಿತೀಯಾ ಏಕವಚನದ ರೂಪದಲ್ಲಿಯೇ ಕ್ರಿಯೆಯನ್ನು ವಿಶೇಷಿಸುತ್ತಿದ್ದವು. ಇಂದಿನ ‘ಎನಫ್’, ‘ಲಿಟ್ಲ್’ ಎಂಬುವು ಆ ವಂಶದವು. ಇವು ಒಂದೇ ಕುಟುಂಬದ ಭಾಷೆಗಳಾದುದರಿಂದ ಇದು ಆಶ್ಚರ್ಯವಲ್ಲ.

ಗುಣವಾಚಕವು ಕ್ರಿಯಾಪದವಾಗುವ ಪ್ರಕರಣ ಎಲ್ಲಕ್ಕಿಂತ ಸ್ವಾರಸ್ಯವುಳ್ಳದ್ದು. ‘ಕಟ್ಟಳೆಯೇ ಇಲ್ಲ’ ಎನ್ನುವ ಪಕ್ಷ ಸೋಲುವುದೂ ಇಲ್ಲಿಯೇ. ‘ಕೂಲ್’ ಎಂಬುದು ತಣ್ಣಗಿರುವ ಎಂಬ ಗುಣವೂ ಹೌದು, ತಣ್ಣಗೆ ಮಾಡು, ತಣ್ಣಗಾಗು ಎಂಬ ಕ್ರಿಯೆಯೂ ಹೌದು. ಪ್ರಾಚೀನ ಇಂಗ್ಲಿಷಿನಲ್ಲಿ ಇವೆರಡೂ ಬೇರೆ ಪದಗಳು. ಕ್ರಿಯಾಪದ ‘ಇಯನ್’ ಎಂದು ಕೊನೆಗೊಳ್ಳುತ್ತಿತ್ತು. ‘ಓಪನ್’ ಕೂಡ ಹೀಗೆಯೇ. ಆ ಅಂತ್ಯಗಳು ಸವೆದುಹೋಗಿ ಗುಣವೂ ಕ್ರಿಯೆಯೂ ಒಂದೇ ಆಕಾರಕ್ಕೆ ಬಂದವು. ಇಷ್ಟರ ಮಟ್ಟಿಗೆ ಇದೂ ಆಭಾಸವೇ. ಆದರೆ ಆಡುವವರು ಚರಿತ್ರೆಯನ್ನು ಓದಿ ಆಡುವುದಿಲ್ಲ. ಒಂದೇ ರೂಪ ಎರಡು ಕಡೆ ನಡೆಯುವುದನ್ನು ಕಂಡು, ಅದೇ ಮಾದರಿಯಲ್ಲಿ ಹೊಸ ಕ್ರಿಯಾಪದಗಳನ್ನು ಕಟ್ಟಿದರು. ‘ಕ್ಲೀನ್’, ‘ಡರ್ಟಿ’, ‘ಸ್ಲೋ’ ಇವು ಹಾಗೆ ಆದುವು. ‘ಟೈಡಿ’ ಎಂಬುದರ ಕಥೆ ಇನ್ನೂ ಉದ್ದ. ಕಾಲವೆಂಬರ್ಥದ ‘ಟೈಡ್’ ಎಂಬ ನಾಮದಿಂದ ಸಕಾಲಿಕವಾದ ಎಂಬರ್ಥದ ಗುಣವಾಚಕ, ಅದರಿಂದ ಅಚ್ಚುಕಟ್ಟಾದ ಎಂಬ ಅರ್ಥ, 19ನೆಯ ಶತಮಾನದಲ್ಲಿ ಅಚ್ಚುಕಟ್ಟು ಮಾಡು ಎಂಬ ಕ್ರಿಯೆ. ಆಭಾಸದಿಂದಲೇ ನಿಜವಾದ ಪಲ್ಲಟ ಹುಟ್ಟಿದಂತಾಯಿತು.

ಹಾಗಾದರೆ ಎಲ್ಲ ಗುಣವಾಚಕಗಳೂ ಕ್ರಿಯಾಪದವಾಗಲಿಲ್ಲವೇಕೆ ಎಂದರೆ, ಇಂಗ್ಲಿಷಿಗೆ ಇದೇ ಕೆಲಸ ಮಾಡುವ ‘ಎನ್’ ಎಂಬ ಇನ್ನೊಂದು ಪ್ರತ್ಯಯವುಂಟು. ಬಣ್ಣಗಳನ್ನೇ ತೆಗೆದುಕೊಂಡು ನೋಡಬಹುದು. ರೆಡ್, ವೈಟ್, ಬ್ಲ್ಯಾಕ್ ಎಂಬುವು ‘ರೆಡನ್’, ‘ವೈಟನ್’, ‘ಬ್ಲ್ಯಾಕನ್’ ಎಂದು ಆಗುತ್ತವೆ. ಗ್ರೀನ್, ಬ್ರೌನ್, ಯೆಲ್ಲೋ, ಗ್ರೇ ಎಂಬುವು ‘ಎನ್’ ಹಚ್ಚಿಕೊಳ್ಳದೆ ಬರಿಮೈಯಲ್ಲಿಯೇ ಕ್ರಿಯಾಪದಗಳಾಗುತ್ತವೆ. ಇದು ಬಣ್ಣದ ಭೇದವಲ್ಲ, ಅಂತ್ಯವರ್ಣದ ಭೇದ. ಡಾರ್ಕ್, ಶಾರ್ಟ್, ಡೀಪ್, ಸ್ಟಿಫ್, ಫ್ರೆಶ್ ಇವುಗಳಲ್ಲಿ ಕಡೆಯ ವರ್ಣ ಸ್ಪರ್ಶ ಅಥವಾ ಊಷ್ಮ, ‘ಎನ್’ ಬರುತ್ತದೆ. ಡ್ರೈ, ಸ್ಲೋ, ಥಿನ್, ಡಿಮ್, ಕೂಲ್, ಡಲ್, ಕ್ಲಿಯರ್ ಇವುಗಳಲ್ಲಿ ಕಡೆಯದು ಸ್ವರ ಅಥವಾ ಅನುನಾಸಿಕ ಅಥವಾ ಲಕಾರರೇಫಗಳು, ‘ಎನ್’ ಬರಲಾರದು. ಆಧುನಿಕ ಭಾಷಾಶಾಸ್ತ್ರಜ್ಞರು ಗುರುತಿಸಿರುವ ಈ ನಿಯಮವನ್ನು ಹೇಳಲು ಪಾಣಿನೀಯರಿಗೆ ದೀರ್ಘವಾದ ಪಟ್ಟಿ ಬೇಕಿಲ್ಲ. ಅನುನಾಸಿಕಗಳನ್ನು ಬಿಟ್ಟು ಉಳಿದ ವರ್ಗೀಯ ವ್ಯಂಜನಗಳೂ ಊಷ್ಮಗಳೂ ಸೇರಿ ‘ಝಲ್’ ಎಂಬ ಪ್ರತ್ಯಾಹಾರವಾಗುತ್ತದೆ. ಸಂಸ್ಕೃತದಲ್ಲಿಲ್ಲದ ಫಕಾರಸದೃಶ ಊಷ್ಮವನ್ನೂ ಅದಕ್ಕೆ ಸೇರಿಸಿಕೊಂಡರೆ, ‘ಎನ್’ ಝಲಂತದ ಮೇಲೆಯೇ ಬರುತ್ತದೆ ಎಂದರೆ ಮುಗಿಯಿತು. ವೆಟ್, ಬ್ಲೈಂಡ್, ಸ್ಮೂತ್ ಎಂಬುವು ಝಲಂತಗಳಾಗಿಯೂ ‘ಎನ್’ ಇಲ್ಲದೆ ನಡೆಯುವುದರಿಂದ ವಿಧಿ ನಿತ್ಯವಲ್ಲ. ಆದರೆ ಝಲಂತವಲ್ಲದ ಗುಣವಾಚಕದ ಮೇಲೆ ‘ಎನ್’ ಬರುವುದಿಲ್ಲವಾದುದರಿಂದ ನಿಷೇಧ ಬಲವಾದುದು. ‘ಲಾಂಗ್’, ‘ಸ್ಟ್ರಾಂಗ್’ ಎಂಬ ಅನುನಾಸಿಕಾಂತಗಳ ಗತಿಯೇನು? ಭಾಷೆ ಅಲ್ಲಿ ಗುಣವಾಚಕವನ್ನು ಬಿಟ್ಟು, ಊಷ್ಮಾಂತವಾದ ಭಾವನಾಮವನ್ನು ಹಿಡಿದು ‘ಲೆಂಗ್ತನ್’, ‘ಸ್ಟ್ರೆಂಗ್ತನ್’ ಎಂದು ಸಾಧಿಸಿಕೊಂಡಿದೆ. ಬಾಗಿಲು ಮುಚ್ಚಿದ್ದರೆ ಹಿತ್ತಿಲಿನಿಂದ ಬಂದಂತೆ. ಇಷ್ಟು ಸೂಕ್ಷ್ಮವಾದ ವ್ಯವಸ್ಥೆಯುಳ್ಳ ಭಾಷೆಯನ್ನು ಅರಾಜಕವೆಂದು ಹೊಗಳುವುದು ಹೊಗಳಿಕೆಯೂ ಅಲ್ಲ.

ಈ ಬರಿಮೈಯ ಕ್ರಿಯಾಪದಗಳಿಗೆ ಶಾಸ್ತ್ರದಲ್ಲಿ ಏನು ಹೇಳಬೇಕು? ಹೆನ್ರಿ ಸ್ವೀಟರು 1892 ಮತ್ತು 1898ರಲ್ಲಿ ಎರಡು ಭಾಗಗಳಾಗಿ ಪ್ರಕಟಿಸಿದ ತಮ್ಮ ವ್ಯಾಕರಣದಲ್ಲಿ ಇದನ್ನು ‘ಕನ್‌ವರ್ಷನ್’ ಎಂದು ಕರೆದರು. ಪರಿವರ್ತಿತವಾದ ಪದವು ಹೊಸ ಜಾತಿಯ ಎಲ್ಲ ರೂಪಲಕ್ಷಣಗಳನ್ನೂ ತಾಳಬೇಕು ಎಂಬುದು ಅವರ ಒರೆಗಲ್ಲು. 1960ರಲ್ಲಿ ಹಾನ್ಸ್ ಮಾರ್ಷಂಡರು ಇಲ್ಲಿ ಶೂನ್ಯಪ್ರತ್ಯಯವೊಂದು ಬಂದಿದೆಯೆಂದು ವಾದಿಸಿದರು. ಕಾಣದ ಪ್ರತ್ಯಯವನ್ನು ಕಲ್ಪಿಸುವುದು ಕೇವಲ ಚಮತ್ಕಾರವೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಪಾಣಿನೀಯರಿಗೆ ಇದು ಪರಿಚಿತವಾದ ಮಾರ್ಗ. ಕ್ವಿಪ್ ಪ್ರತ್ಯಯದಲ್ಲಿ ಲೋಪಗಳೆಲ್ಲ ಮುಗಿದ ಮೇಲೆ ಒಂದು ವರ್ಣವೂ ಉಳಿಯುವುದಿಲ್ಲ. ಆದರೂ ಕೃಷ್ಣನಂತೆ ಆಚರಿಸುತ್ತಾನೆಂಬ ಅರ್ಥದಲ್ಲಿ ‘ಕೃಷ್ಣತಿ’ ಎಂಬ ಕ್ರಿಯಾಪದ ಅದರಿಂದಲೇ ಸಿದ್ಧಿಸುತ್ತದೆ. ಪ್ರತ್ಯಯ ಲೋಪಿಸಿದರೂ ಅದರ ನಿಮಿತ್ತವಾದ ಕಾರ್ಯ ನಿಲ್ಲುತ್ತದೆಂಬುದು ಅಲ್ಲಿಯ ಪರಿಭಾಷೆ.

ಇಷ್ಟರಿಂದ ಎಲ್ಲವೂ ನಮ್ಮ ಶಾಸ್ತ್ರದಲ್ಲಿ ಮೊದಲೇ ಇತ್ತೆಂದು ಕುಣಿಯುವ ಪಂಡಿತರೂ ಒಂದು ಕ್ಷಣ ನಿಲ್ಲಬೇಕು. ಪಾಣಿನೀಯರು ಲೋಪವನ್ನು ಹೇಳುವುದು ಕಾರ್ಯವನ್ನು ಸಾಧಿಸಲು; ‘ಕೃಷ್ಣ’ ಶಬ್ದದ ಮೇಲೆ ತಿಙ್ ಪ್ರತ್ಯಯ ಬಂದಿರುವುದೇ ಅದು ಧಾತುವಾಯಿತೆಂಬುದಕ್ಕೆ ಸಾಕ್ಷಿ. ‘ಕೂಲ್’ ಪದದ ಮೇಲೆ ಭೂತಕಾಲ ಪ್ರತ್ಯಯ ಬಂದು ‘ಕೂಲ್ಡ್’ ಎಂದಾಗುವುದರಿಂದ ಅಲ್ಲಿಯೂ ಸಾಕ್ಷಿಯುಂಟು, ಶೂನ್ಯವನ್ನು ಒಪ್ಪಬಹುದು. ಕಾರ್ಯವೇ ಕಾಣದ ಕಡೆ ಶೂನ್ಯವನ್ನು ಕಲ್ಪಿಸುವುದು ನಿರಾಧಾರ.

ಈ ಒರೆಗಲ್ಲನ್ನು ಹಿಡಿದು ನಾಮಪದವಾದುವೆಂದು ಹೇಳುವ ಗುಣವಾಚಕಗಳನ್ನು ನೋಡಬೇಕು. ‘ದಿ ಪೂರ್’ ಎಂದರೆ ಬಡವರು. ಇಲ್ಲಿ ‘ಪೂರ್’ ನಾಮವಾಯಿತೆಂದು ಹಲವು ಪುಸ್ತಕಗಳು ಬರೆದುಬಿಡುತ್ತವೆ. ನಾಮವಾಗಿದ್ದರೆ ಅದಕ್ಕೆ ಬಹುವಚನದ ಸಕಾರ ಬರಬೇಕಿತ್ತು, ಬರುವುದಿಲ್ಲ. ಒಬ್ಬ ಬಡವನಿಗೆ ‘ಎ ಪೂರ್’ ಎನ್ನಬಹುದಾಗಿತ್ತು, ಎನ್ನಲಾಗದು. ಅಷ್ಟೇ ಅಲ್ಲ, ‘ದಿ ವೆರಿ ಪೂರ್’ ಎಂದು ಅತಿಶಯವನ್ನು ಹೇಳಬಹುದು; ನಾಮಕ್ಕೆ ಅದು ಸಲ್ಲದು. ಆದುದರಿಂದ ಪದ ಗುಣವಾಚಕವಾಗಿಯೇ ಉಳಿದು, ನಾಮದ ಪೀಠದಲ್ಲಿ ಕುಳಿತಿದೆ ಎನ್ನಬೇಕು. ‘ನೇಟಿವ್’ ಎಂಬುದರ ರೀತಿ ಬೇರೆ. ‘ಎ ನೇಟಿವ್’, ‘ನೇಟಿವ್ಸ್’ ಎರಡೂ ಸಾಧು. ‘ಜನರಲ್’ ಎಂಬ ಸೇನಾಧಿಕಾರಿ, ‘ಪ್ರೈವೇಟ್’ ಎಂಬ ಸಾಮಾನ್ಯ ಸೈನಿಕ, ಇಬ್ಬರೂ ಹಿಂದೆ ವಿಶೇಷ್ಯದೊಡನೆ ಇದ್ದವರು: ಕ್ಯಾಪ್ಟನ್ ಜನರಲ್, ಪ್ರೈವೇಟ್ ಸೋಲ್ಜರ್. ವಿಶೇಷ್ಯ ಬಿದ್ದುಹೋಗಿ ವಿಶೇಷಣವೇ ಅಧಿಕಾರವನ್ನು ವಹಿಸಿಕೊಂಡಿತು. ಇಂತಹ ಲೇಖನಗಳು ಅಚ್ಚಾಗುವ ಪತ್ರಿಕೆಗಳ ಹೆಸರೇ ಇದಕ್ಕೆ ಉದಾಹರಣೆ. ‘ಕ್ವಾರ್ಟರ್ಲಿ’ ಮೂಲದಲ್ಲಿ ಗುಣವಾಚಕ, ಈಗ ‘ಕ್ವಾರ್ಟರ್ಲೀಸ್’ ಎಂಬ ಬಹುವಚನವುಳ್ಳ ನಾಮ. ‘ತ್ರೈಮಾಸಿಕ’ ಎಂಬುದಕ್ಕೂ ಕನ್ನಡದಲ್ಲಿ ಅದೇ ಭಾಗ್ಯ ಒದಗಿದೆ.

ಬಣ್ಣಗಳ ವಿಷಯದಲ್ಲಿ ಅಮರಸಿಂಹನ ವಿವೇಕ ನೆನೆಯತಕ್ಕದ್ದು. ಶುಕ್ಲ ಮೊದಲಾದ ಶಬ್ದಗಳು ಗುಣವನ್ನು ಹೇಳುವಾಗ ಪುಲ್ಲಿಂಗ, ಗುಣವುಳ್ಳ ವಸ್ತುವನ್ನು ಹೇಳುವಾಗ ಆ ವಸ್ತುವಿನ ಲಿಂಗ ಎಂದು ಅವನು ವಿವೇಚಿಸುತ್ತಾನೆ. ಶುಕ್ಲಗುಣವುಳ್ಳದ್ದು ಎಂಬಲ್ಲಿ ಬರಬೇಕಾದ ಮತುಪ್ ಪ್ರತ್ಯಯಕ್ಕೆ ವಾರ್ತಿಕಕಾರನು ಲುಕ್ಕನ್ನು ವಿಧಿಸುತ್ತಾನೆ. ರೂಪ ಒಂದೇ ಆದರೂ ಲಿಂಗಭೇದವೆಂಬ ಕಾರ್ಯದಿಂದ ಎರಡೂ ಬೇರೆಯೆಂದು ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಲಿಂಗದ ಸ್ಥಾನವನ್ನು ಬಹುವಚನ ವಹಿಸುತ್ತದೆ: ಮೊಟ್ಟೆಗಳ ಬಿಳಿಭಾಗಗಳು ‘ವೈಟ್ಸ್’, ಬಿಳಿಯ ಬಟ್ಟೆಗಳು ಎಷ್ಟಿದ್ದರೂ ‘ವೈಟ್’ ಮಾತ್ರ.

ಓಟ್ಟೊ ಯೆಸ್ಪರ್ಸನರು 1924ರ ತಮ್ಮ ಗ್ರಂಥದಲ್ಲಿ ಪದಜಾತಿ ಬೇರೆ, ವಾಕ್ಯದಲ್ಲಿ ಪದಕ್ಕೆ ದೊರೆಯುವ ಅಂತಸ್ತು ಬೇರೆ ಎಂದು ವಿಂಗಡಿಸಿ, ಅಂತಸ್ತುಗಳನ್ನು ಮೂರಾಗಿ ಎಣಿಸಿದರು. ‘ದಿ ಪೂರ್’ ಎಂಬಲ್ಲಿ ಗುಣವಾಚಕವು ಮೊದಲನೆಯ ಅಂತಸ್ತಿಗೆ ಏರಿದೆಯೆಂಬ ಅವರ ಸಮಾಧಾನ ತೃಪ್ತಿಕರವಾಗಿದೆ. ಆದರೆ ಅಂತಸ್ತು ಪದದ ಸ್ಥಾನವನ್ನು ಹೇಳುತ್ತದೆ, ಜನ್ಮವನ್ನು ಹೇಳುವುದಿಲ್ಲ. ‘ಪೂರ್’ ಏರಿ ಇಳಿಯುತ್ತದೆ; ‘ಜನರಲ್’ ಏರಿ ಅಲ್ಲಿಯೇ ಮನೆ ಕಟ್ಟಿಕೊಂಡಿದೆ. ಈ ಭೇದಕ್ಕೆ ಸ್ವೀಟರ ಒರೆಗಲ್ಲೇ ಬೇಕು.

ಇದು ಕೇವಲ ಪಾರಿಭಾಷಿಕ ವಿವಾದವಲ್ಲವೆಂಬುದು ಕನ್ನಡಕ್ಕೆ ಭಾಷಾಂತರಿಸುವವರಿಗೆ ಗೊತ್ತು. ‘ದಿ ಗುಡ್’ ಎಂದರೆ ಒಳ್ಳೆಯವರೋ, ಒಳ್ಳೆಯದೋ? ಇಂಗ್ಲಿಷಿನಲ್ಲಿ ಕ್ರಿಯಾಪದ ಬಹುವಚನದಲ್ಲಿದ್ದರೆ ಜನರು, ಏಕವಚನದಲ್ಲಿದ್ದರೆ ಸಾಮಾನ್ಯವಾಗಿ ಭಾವ. ಪದವು ಕರ್ಮಸ್ಥಾನದಲ್ಲಿದ್ದರೆ ಆ ಸೂಚನೆಯೂ ಇಲ್ಲ. ಕನ್ನಡವಾದರೋ ಮೊದಲೇ ನಿರ್ಣಯವನ್ನು ಕೇಳುತ್ತದೆ. ‘ಒಳ್ಳೆಯ’ ಎಂದಷ್ಟೇ ಬರೆದು ನಿಲ್ಲುವಂತಿಲ್ಲ, ‘ವರು’ ಅಥವಾ ‘ದು’ ಸೇರಲೇಬೇಕು. ‘ಗುಡ್’ ನಾಮವೆಂದು ಕಲಿತ ಅನುವಾದಕನು ನಿಘಂಟಿನಲ್ಲಿ ನಾಮದ ಅರ್ಥವನ್ನು ಹುಡುಕಿ ‘ಹಿತ’ ಎಂದು ಬರೆದು ಮುಂದೆ ಸಾಗುತ್ತಾನೆ. ಅದು ಪೀಠವೇರಿದ ಗುಣವಾಚಕವೆಂದು ತಿಳಿದವನು ಯಾವ ವಿಶೇಷ್ಯ ಅಡಗಿದೆಯೆಂದು ಸಂದರ್ಭವನ್ನು ಕೇಳುತ್ತಾನೆ. ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂಬ ಪ್ರಕರಣಗಳಿವೆ, ವಿಶೇಷಣಕ್ಕೆಂದೇ ಪ್ರಕರಣವಿಲ್ಲ. ಅದು ಕೊರತೆಯೆಂದು ಭಾವಿಸಿ ಇಂಗ್ಲಿಷಿನ ಎಂಟು ಮನೆಗಳನ್ನು ಕನ್ನಡದ ಮೇಲೆ ಗೆರೆಹಾಕಿದ ಶಾಲಾವ್ಯಾಕರಣಗಳು ಹಲವು. ಡಿ. ಎನ್. ಶಂಕರ ಭಟ್ಟರು 1994ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥದ ವಿಷಯವೇ ಗುಣವಾಚಕವೆಂಬ ವರ್ಗವನ್ನು ಯಾವ ಒರೆಗಲ್ಲುಗಳಿಂದ ಬೇರ್ಪಡಿಸಬೇಕು, ಗುರುತಿಸಬೇಕು ಎಂಬುದು. ಈ ಪ್ರಶ್ನೆ ಶಾಲೆಯ ಮನೆಗೆರೆಗಳಿಂದ ಮುಗಿಯತಕ್ಕದ್ದಲ್ಲವೆಂಬುದಕ್ಕೆ ಅದೇ ನಿದರ್ಶನ. ಪೇಟೆಯ ಮಾತಿನಲ್ಲಿ ‘ಕ್ಲೀನ್ ಮಾಡು’, ‘ಓಪನ್ ಮಾಡು’ ಎಂದು ನಿತ್ಯವೂ ಕೇಳಿಬರುತ್ತದೆ. ಅಲ್ಲಿ ಎರವಲು ಬಂದದ್ದು ಗುಣವಾಚಕವೋ ಕ್ರಿಯಾಪದವೋ? ಕ್ರಿಯೆಯ ಭಾರವನ್ನೆಲ್ಲ ‘ಮಾಡು’ ಹೊತ್ತಿರುವುದರಿಂದ ಕನ್ನಡಕ್ಕೆ ಅದನ್ನು ವಿಚಾರಿಸುವ ಅಗತ್ಯವೇ ಬೀಳುವುದಿಲ್ಲ.

ದಾರಿಯ ನಡುವೆ ನಿಂತಿರುವ ಪದಗಳೂ ಇಂಗ್ಲಿಷಿನಲ್ಲಿವೆ. ‘ಅಲೈವ್’ ಎಂಬುದು ಜೀವದಲ್ಲಿ ಎಂಬರ್ಥದ ‘ಆನ್ ಲೈಫ್’ ಎಂಬ ಎರಡು ಪದಗಳು ಕೂಡಿ ಆದದ್ದು. ‘ಅಸ್ಲೀಪ್’ ಕೂಡ ಅಂಥದೇ. ವಾಕ್ಯದ ಕೊನೆಯಲ್ಲಿ ವಿಧೇಯವಾಗಿ ಇವು ಗುಣವಾಚಕದಂತೆಯೇ ನಡೆಯುತ್ತವೆ, ನಾಮದ ಮುಂಚೆ ವಿಶೇಷಣವಾಗಿ ನಿಲ್ಲಲೊಲ್ಲವು. ನೂರಾರು ವರ್ಷಗಳಾದರೂ ಹಳೆಯ ಸ್ವಭಾವ ಬಿಟ್ಟಿಲ್ಲ. ಇನ್ನೊಂದು ಕಡೆ, ವಿನೋದ ಎಂಬರ್ಥದ ‘ಫನ್’ ಎಂಬ ನಾಮ. ‘ಸ್ಟೋನ್ ವಾಲ್’ ಎಂಬಲ್ಲಿ ಕಲ್ಲೆಂಬ ನಾಮ ಗೋಡೆಯನ್ನು ವಿಶೇಷಿಸಿದರೂ ‘ವೆರಿ ಸ್ಟೋನ್’ ಎಂದು ಯಾರೂ ಹೇಳರು. ‘ಫನ್’ ಕೂಡ ಬಹುಕಾಲ ಹಾಗೆಯೇ ಇತ್ತು. 20ನೆಯ ಶತಮಾನದಲ್ಲಿ ‘ವೆರಿ ಫನ್’ ಎಂಬ ಪ್ರಯೋಗ ಹಬ್ಬಿತು, ನಿಘಂಟುಗಳಲ್ಲಿ ಗುಣವಾಚಕವೆಂದು ಬೇರೆ ಉಲ್ಲೇಖವೂ ದೊರೆಯಿತು. ತಾರತಮ್ಯದ ಪ್ರತ್ಯಯ ಸೇರಿದ ‘ಫನ್ನರ್’ ಎಂಬ ರೂಪ ಮಾತ್ರ ಕೆಲವರ ಬಾಯಿಗೆ ಬಂದಿದೆ, ಹಲವರ ಕಿವಿಗೆ ಇನ್ನೂ ಹಿಡಿಸಿಲ್ಲ.